ಮುಂಗೈಯ ಬಿರುಕು

ಪಾಲಾಕ್ಷಪ್ಪ ಎಕ್ಸ್‌ರೇ ಕೋಣೆಯ ಮುಚ್ಚಿದ ಬಾಗಿಲಿಗೆ ಹೊರಗಿನಿಂದ ಜಾಡಿಸಿ ಒದ್ದ. “ಬಿದ್ದಾಳಂತ ಬರದು ಕೊಡ್ರಿ! ಎಲುಬು ಮುರದದ್ದು ಕಂಪ್ಯೂಟರ್ರೇ ಹೇಳೈತಲ್ಲ, ನಡುವ ನಿಮ್ಮದೇನ್ರಿ?” ಒಳಗೆ ಅವನ ಹೆಂಡತಿ ರೋಜಾ ಊದಿದ ಮುಂಗೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು.

ಡಾಕ್ಟರ್ ಶಿವಗಂಗಾ ಹದಿನೈದು ವರ್ಷ ಮುಖಗಳನ್ನು ಬಿಟ್ಟು ಬರೀ ಎಲುಬುಗಳನ್ನು ನೋಡಿದವಳು. ಈಗ ಬಿರುಕು ಹುಡುಕುವುದು ಕಂಪ್ಯೂಟರಿನ ಕೆಲಸ. ಅದು ಹೇಗಾಯಿತೆಂದು ಕೇಳುವುದು ಅವಳ ಪಾಲಿಗೆ ಬಂದಿತ್ತು. “ಬಿದ್ದಿದ್ರ ಮಣಿಕಟ್ಟು ಮುರೀತಿತ್ತು. ಇದು ಮುಂಗೈ ನಟ್ಟನಡುವ ಮುರದೈತಿ. ಹೆಂಗಾತವ್ವಾ?”

“ಮೆಟ್ಟಿಲ ಮ್ಯಾಲಿಂದ ಬಿದ್ನಿರಿ,” ಎಂದಳು ರೋಜಾ, ನೆಲ ನೋಡುತ್ತ.

ಬಾಗಿಲಿಗೆ ಮತ್ತೆ ಒದೆ ಬಿತ್ತು. ಕಂಪ್ಯೂಟರಿನ ಪರದೆಯ ಮೇಲಿನ ಬಿರುಕು ತೋರಿಸಲು ಶಿವಗಂಗಾ ಥಟ್ಟನೆ ಕೈಯೆತ್ತಿದಳು. ರೋಜಾಳ ಮುರಿದ ಕೈ ತಾನಾಗಿ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ನೋವಿಗೆ ಚೀರಿದಳೇ ಹೊರತು ಅವಳು ಕೈ ಇಳಿಸಲಿಲ್ಲ.