ಹಚ್ಚೆಯ ಕೈ

"ಮುಚ್ಚಿಹೋದ ದಾರಿಯನ್ನು ಕೊರೆದು ಬಿಡಿಸುತ್ತೇನೆ. ಆದರೆ ಒಳಗೆ ಹೊಸ ಚರ್ಮ ಹೊದಿಸದಿದ್ದರೆ ತಿಂಗಳಲ್ಲೇ ಮತ್ತೆ ಮುಚ್ಚಿಕೊಳ್ಳುತ್ತದೆ," ಎಂದರು ಡಾಕ್ಟರು, ಶಾಮಲಮ್ಮನ ಎಡಗಿವಿಗೆ ದೀಪ ಹಿಡಿದು. ಯುದ್ಧದ ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕೆಂದು ಕೋಲಾರದ ಸುತ್ತ ಬಿಡುವಿಲ್ಲದೆ ಒಲೆ ಉರಿಯುತ್ತಿದ್ದ ಕಾಲ. ನೂಲು ಬಿಚ್ಚುವಾಗ ಗೂಡು ಬೇಯುವ ನೀರು ಸಿಡಿದು ಆ ಕಿವಿ ಬೆಂದಿತ್ತು. ಗಾಯ ಮಾಯುತ್ತಾ ತೂತೇ ಕೂಡಿಕೊಂಡಿತ್ತು.

"ಎಲ್ಲೀ ಚರ್ಮ ಸಾಮಿ?" ದೊಡ್ಡಗಂಗಮ್ಮ ಕೇಳಿದಳು. ಅವಳು ಶಾಮಲಮ್ಮನ ತಾಯಿಯ ತಾಯಿ. ಬರುವ ಮಾಘದಲ್ಲಿ ಅತ್ತೆಯೂ ಆಗುವವಳು.

"ಕಿವಿಯ ಹಿಂದಿನದು ಸುಟ್ಟಿದೆ, ಬಾರದು. ತೊಡೆಯದು ಆದೀತು. ಇಲ್ಲವೇ ಮುಂಗೈಯ ಒಳಮಗ್ಗುಲಿನದು."

"ತೊಡೆ ಮಾತು ಎತ್ತಬ್ಯಾಡಿ, ಮದುವೆಯಾಗೋ ಹುಡುಗಿ. ಕೈಮೇಲೆ ನಮ್ಮನೆ ಹಚ್ಚೆ ಐತೆ."

ಶಾಮಲಮ್ಮ ಏಳು ವರ್ಷದವಳಿದ್ದಾಗ, ಇವಳು ನನ್ನ ಮಗ ಮುನಿರಾಮಪ್ಪನಿಗೇ ಎಂದು ಅಜ್ಜಿ ಅವಳನ್ನು ಮಡಿಲಲ್ಲಿ ಅದುಮಿ ಹಿಡಿದು ಚುಚ್ಚಿಸಿದ ಹಚ್ಚೆ ಅದು. ಸೋದರಮಾವನಿಗೆ ಆಗ ಇಪ್ಪತ್ತು ದಾಟಿತ್ತು.

ದೊಡ್ಡಗಂಗಮ್ಮ ಎದ್ದು ಮೊಮ್ಮಗಳ ಎಡಕ್ಕೆ ಬಂದು ನಿಂತಳು. ಕಿವಿ ಕೆಟ್ಟಾಗಿನಿಂದ ಮನೆಯವರೆಲ್ಲ ಅವಳ ವಿಷಯ ಮಾತಾಡುವುದು ಆ ಮಗ್ಗುಲಲ್ಲೇ. ಮದುವೆಯ ದಿನ ಗೊತ್ತಾದದ್ದೂ ಅಲ್ಲೇ. ತುಟಿ ನೋಡಿ ಮಾತು ತಿಳಿಯುವುದನ್ನು ಅವಳು ಎಂದೋ ಕಲಿತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ.

"ಬಿಟ್ಬಿಡಿ ಸಾಮಿ," ದೊಡ್ಡಗಂಗಮ್ಮ ಪಿಸುಗುಟ್ಟಿದಳು. "ಸೊಸೆಗೆ ಒಂದು ಕಿವಿ ಸಾಕು, ಮಾತಿಗೆ ಮಾತು ಬೆಳೆಯಲ್ಲ. ಅವಳಿಗೂ ಬ್ಯಾಡವಂತೆ."

ಡಾಕ್ಟರು ಹುಡುಗಿಯ ಕಡೆ ತಿರುಗಿದರು. "ಬೇಡವೇನಮ್ಮ?"

ಶಾಮಲಮ್ಮ ಕಡೆಗಣ್ಣನ್ನು ಅಜ್ಜಿಯ ತುಟಿಯಿಂದ ತೆಗೆದಳು. ಗಾಜಿನ ಬಳೆಗಳನ್ನು ಮೊಣಕೈವರೆಗೆ ನೂಕಿ, ಹಚ್ಚೆ ಮೇಲಾಗುವಂತೆ ಕೈಯನ್ನು ಮೇಜಿನ ಮೇಲಿಟ್ಟಳು.

"ಇಲ್ಲಿಂದ ತೆಗೀರಿ."

"ಪಕ್ಕದಲ್ಲೇ ಬರಿಯ ಚರ್ಮವಿದೆಯಲ್ಲ. ಇದನ್ನು ತೆಗೆದರೆ ಹಸಿರು ಚುಕ್ಕೆಗಳೂ ಕಿವಿಯೊಳಗೆ ಹೋಗುತ್ತವೆ."

"ಹೋಗ್ಲಿ ಸಾಮಿ. ಇದೇ ಆಗ್ಬೇಕು."

"ಲೇ ಶಾಮಲಾ, ನಿಮ್ಮ ಮಾವ ಹಚ್ಚೆ ಎಲ್ಲಿ ಅಂದ್ರೆ ನಾನೇನೇ ಹೇಳ್ಲಿ?" ದೊಡ್ಡಗಂಗಮ್ಮ ಅವಳ ರಟ್ಟೆ ಹಿಡಿದೆಳೆದಳು.

ಶಾಮಲಮ್ಮ ಕೈ ಹಿಂದೆಗೆಯಲಿಲ್ಲ.

"ಕಿವಿಯೊಳಗೆ ಐತೆ, ಬಗ್ಗಿ ನೋಡ್ಕೊಳ್ಳಲಿ ಅನ್ನು."