ಳಕಾರ

"ಬೆರೆಯೋದು ಅಂದ್ರೇನಮ್ಮಾ?"

ಶಾಲೆ ಬಿಟ್ಟು ನೇರ ಅಮ್ಮ ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಬಂದಿದ್ದ ಆರು ವರ್ಷದ ಮಗಳು ಕೇಳಿದಳು. ಟೀಚರ್ ಅವರು ವಲಸೆ ಬಂದಿದ್ದ ಆ ದೂರದ ಊರಿನ ಭಾಷೆಯಲ್ಲಿ ಬರೆದುಕೊಟ್ಟ ಚೀಟಿಯನ್ನು ಅಮ್ಮ ಆಗಷ್ಟೇ ಕನ್ನಡದಲ್ಲಿ ಓದಿ ಹೇಳಿದ್ದಳು: ಮಗು ಎಲ್ಲರೊಂದಿಗೆ ಚೆನ್ನಾಗಿ ಬೆರೆತುಹೋಗಿದೆ.

ಅಮ್ಮ ರಫೂ ಮಾಡಿ ಮುಗಿಸಿದ್ದ ಉಣ್ಣೆಯ ಕೋಟನ್ನು ಮುಂದಿಟ್ಟಳು. ಬೆಳಿಗ್ಗೆ ಅದರ ತೋಳಿನಲ್ಲಿ ಹುಳ ತಿಂದ ತೂತಿತ್ತು. ಅದಕ್ಕೊಪ್ಪುವ ನೂಲನ್ನು ಡಬ್ಬಿಯಲ್ಲಿ ಹುಡುಕಿ, ಎಳೆ ಎಳೆಯಾಗಿ ನೇಯ್ದು ಮುಚ್ಚಿದ್ದಳು. "ತೂತು ಎಲ್ಲಿತ್ತು, ತೋರಿಸು ನೋಡೋಣ."

ಮಗಳು ತೋಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಇಲ್ವೇ ಇಲ್ಲ!"

"ನೂಲು ಎಲ್ಲಿಂದಲೋ ಬಂದಿದ್ದು. ಈಗ ಕೋಟಿನದ್ದೇ ಆಗೋಯ್ತು. ಅದೇ ಬೆರೆಯೋದು."

"ಹಾಗಾದ್ರೆ ನಾನು ನಿಂಗೆ ಸಿಗಲ್ವಾ?"

"ಸಿಗದೇ ಎಲ್ಹೋಗ್ತೀಯ, ತರಲೆ! ಇಲ್ನೋಡು." ಅಮ್ಮ ತೋಳನ್ನು ಒಳಮೈ ಹೊರಗಾಗುವಂತೆ ಮಗುಚಿದಳು. ಅಲ್ಲಿ ನೂಲಿನ ಪುಟ್ಟ ಪುಟ್ಟ ತುದಿಗಳು ಎದ್ದು ನಿಂತಿದ್ದವು.

ಮಗಳಿಗೆ ಸಮಾಧಾನವಾಯಿತು. ಬಟ್ಟೆಗಂಟಿನ ಮೇಲೆ ಹತ್ತಿ ಕೂತಳು. "ಸರಿ, ಈಗ ಕಥೆ ಹೇಲು."

ಅಮ್ಮ ಬಿದ್ದು ಬಿದ್ದು ನಕ್ಕಳು. "ಛೀ! ಅದು ಬೆಳಿಗ್ಗೆ ಎದ್ದು ಮಾಡೋದು ಕಣೇ. ಹೇಳು ಅನ್ನು, ಹೇಳು."

"ಹೇಲು."

"ನಾಲಿಗೆ ಮೇಲಕ್ಕೆ ಮಡಚು. ಕೋಳಿ."

"ಕೋಲಿ."

"ಮಗಳು."

"ಮಗಲು."

ಅಮ್ಮನ ನಗು ಅರ್ಧಕ್ಕೇ ನಿಂತಿತು. ಹೋದ ವರ್ಷ ಇದೇ ನಾಲಿಗೆಯ ಮೇಲೆ ಆ ಅಕ್ಷರ ಸಲೀಸಾಗಿ ಹೊರಳುತ್ತಿತ್ತು. ಈ ಊರಿನವರ ಮಾತಿನಲ್ಲಿ ಅದು ಇಲ್ಲವೇ ಇಲ್ಲ. ಇಡೀ ಊರಿನಲ್ಲಿ ಅವಳಿಗೆ ಕನ್ನಡದಲ್ಲಿ ಉತ್ತರ ಕೊಡುವ ಬಾಯಿ ಇದೊಂದೇ.

"ಇನ್ನೊಂದೇ ಒಂದ್ಸಲ, ಚಿನ್ನ. ಳ." ಗದರಲು ಹೊರಟ ದನಿ ಅಂಗಲಾಚಿದಂತೆ ಕೇಳಿತು.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಅಂಗಡಿಯ ಯಜಮಾನಿ ಅಮ್ಮನನ್ನು ಹೆಸರು ಹಿಡಿದು ಕೂಗಿದಳು. ಹೆತ್ತವರು ಇಟ್ಟ ಆ ಹೆಸರಿನ ಕೊನೆಯಲ್ಲೊಂದು ಳ ಇತ್ತು. ಯಜಮಾನಿಯ ಬಾಯಲ್ಲಿ ಅದು ನಾಲ್ಕು ವರ್ಷದಿಂದಲೂ ಲ.

"ಬಂದೆ," ಎಂದು ಅಮ್ಮ ಆ ಊರಿನ ಭಾಷೆಯಲ್ಲಿ ಓಗೊಟ್ಟು, ಕೋಟಿನ ತೋಳನ್ನು ಸರಿಯಾಗಿ ತಿರುಗಿಸಿಕೊಂಡು ಎದ್ದಳು.

ಮಗಳು ಅವಳ ಸೆರಗಿಲ್ಲದ ಅಂಗಿಯ ತುದಿಯನ್ನು ಹಿಡಿದೆಳೆದಳು.

"ಅಮ್ಮಾ, ನಾಲಿಗೆ ಮಡಚು ಅಂತ ಅವ್ರಿಗೂ ಹೇಲು."