ರೋಲಿನ ಮೊದಲ ಫೋಟೋ

ಫಣೀಂದ್ರ ಅವರಿಗೆ ಎಪ್ಪತ್ತು ದಾಟಿದೆ... ಆದರೂ ಕಣ್ಣು ಮುಚ್ಚಿದರೆ ಸಾಕು, ಕಿವಿಯಲ್ಲಿ ಗಿಟಾರ್ ಶುರುವಾಗುತ್ತದೆ.

ಹರೆಯದಲ್ಲಿ ಬೆಂಗಳೂರಿನ ಕಂಟೋನ್ಮೆಂಟ್‌ನಲ್ಲಿ ಎಲ್ಲೇ ರಾಕ್ ಷೋ ನಡೆಯಲಿ, ಕ್ಯಾಮೆರಾ ನೇತುಹಾಕಿಕೊಂಡು ಇವರು ಹಾಜರ್. ಉದ್ದ ಕೂದಲು, ಬೆಲ್‌ಬಾಟಮ್, ಬಣ್ಣದ ದೀಪ... ಅದೊಂದು ಕನಸಿನ ಲೋಕ.

ಆ ಫೋಟೋಗಳೆಲ್ಲ ಈಗ ದೊಡ್ಡ ಪುಸ್ತಕವಾಗುತ್ತಿದ್ದವು. ಮುಂದಿನ ವಾರ ಪ್ರಿಂಟ್‌ಗೆ ಹೋಗಬೇಕು.

ಒಂದು ಮಧ್ಯಾಹ್ನ ಮಹಿಳೆಯೊಬ್ಬರು ಮನೆಗೆ ಬಂದರು.

"ಅಂಕಲ್, ನಾನು ಲವೀನಾ... ರಾಕ್ ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸ್ತಿದ್ರಲ್ಲ ಸಿರಿಲ್, ಅವರ ಮಗಳು. ಡ್ಯಾಡಿ ಹೋದಾಗ ನಂಗಿನ್ನೂ ಮಾತೂ ಸರಿಯಾಗಿ ಬರ್ತಿರ್ಲಿಲ್ಲ. ಮನೇಲಿರೋದು ಮದುವೆ ಫೋಟೋ ಒಂದೇ. ಕೋಟು ಹಾಕ್ಕೊಂಡು ಬಿಗಿಯಾಗಿ ನಿಂತಿದ್ದಾರೆ. ಡ್ರಮ್ಸ್ ಹತ್ರ ಹೇಗಿರ್ತಿದ್ರು ಅಂತ ಒಂದ್ಸಲ ನೋಡ್ಬೇಕು..."

"ಬಾಮ್ಮ, ಕೂತ್ಕೊ. ಅವನಿಲ್ದೆ ಬ್ಯಾಂಡ್ ಎಲ್ಲಿತ್ತು?" ಫಣೀಂದ್ರ ಹೆಮ್ಮೆಯಿಂದಲೇ ಪುಸ್ತಕದ ಕರಡು ಪ್ರತಿಯ ಪುಟ ತಿರುವಿದರು.

ಹಾಡುಗಾರ... ಗಿಟಾರ್‌ನವನು... ಮತ್ತೆ ಹಾಡುಗಾರ...

ಸಿರಿಲ್ ಮಾತ್ರ ಎಲ್ಲೂ ಇಲ್ಲ. ಹಿಂದಿನ ಕತ್ತಲಲ್ಲಿ ಒಂದು ಭುಜ, ಅಷ್ಟೇ.

ಲವೀನಾ ಆ ಭುಜವನ್ನು ಬೆರಳಿನಿಂದ ಮೆಲ್ಲಗೆ ಸವರಿದರು. "ಪರವಾಗಿಲ್ಲ ಅಂಕಲ್... ಇಷ್ಟಾದ್ರೂ ಸಿಕ್ತಲ್ಲ."

ಫಣೀಂದ್ರ ಅವರಿಗೆ ತಲೆ ಎತ್ತಲಾಗಲಿಲ್ಲ. ಅಷ್ಟು ವರ್ಷವೂ ದೀಪ ಬಿದ್ದ ಕಡೆಗೇ ಕ್ಯಾಮೆರಾ ಹಿಡಿದಿದ್ದರು.

ಆಕೆ ಹೋದ ಮೇಲೆ ಅವರಿಗೆ ಅಟ್ಟದ ಮೇಲಿನ ಬಿಸ್ಕತ್ತು ಡಬ್ಬಿ ನೆನಪಾಯಿತು.

ಆಗೆಲ್ಲ ಕ್ಯಾಮೆರಾಗೆ ಹೊಸ ರೋಲ್ ಹಾಕಿದರೆ ಮೊದಲ ಒಂದೆರಡು ಫೋಟೋ ವೇಸ್ಟ್. ಫಿಲಂ ಸುತ್ತಲು ಸುಮ್ಮನೆ ಎದುರಿಗಿದ್ದದ್ದನ್ನು ಕ್ಲಿಕ್ ಮಾಡಬೇಕು. ಬೆಳಕು ಹೊಕ್ಕು ಅವು ಅರ್ಧ ಕೆಟ್ಟಿರುತ್ತವೆ. ಆ ತುಂಡುಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿದ್ದರು, ಏನನ್ನೂ ಎಸೆಯದ ಜಿಪುಣ.

ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು...

ಸಿರಿಲ್.

ಇನ್ನೊಂದು ತುಂಡು... ಅದರಲ್ಲೂ ಸಿರಿಲ್.

ಷೋಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದವನು ಅವನೇ. ಖಾಲಿ ಹಾಲ್‌ನಲ್ಲಿ ಇವರು ರೋಲ್ ಹಾಕುತ್ತಿದ್ದರೆ, ಅವನು ಎದುರಲ್ಲೇ ಕೂತು ಡ್ರಮ್ ಜೋಡಿಸುತ್ತಿದ್ದ. "ಫಣಿ, ಊಟ ಆಯ್ತೇನೋ?" ಎಂದು ಕೇಳುತ್ತಿದ್ದವನೂ ಅವನೊಬ್ಬನೇ.

ಅಂದೇ ಪ್ರಿಂಟ್ ಹಾಕಿಸಿದರು. ಒಂದು ಬದಿ ಪೂರ್ತಿ ಬಿಳಿ... ಮೋಡದೊಳಗಿಂದ ಎದ್ದು ಬಂದಂತೆ ಸಿರಿಲ್. ಪುಸ್ತಕದಲ್ಲಿದ್ದವರೆಲ್ಲ ಜನರನ್ನು ನೋಡುತ್ತಿದ್ದರು. ಅವನೊಬ್ಬ ಮಾತ್ರ ಫಣೀಂದ್ರ ಅವರನ್ನೇ ನೋಡಿ ನಗುತ್ತಿದ್ದ. ಮುದುಕರು ಮಗುವಿನಂತೆ ಅತ್ತುಬಿಟ್ಟರು.

ಮರುದಿನ ಫಣೀಂದ್ರ ಕರೆದಾಗ ಲವೀನಾ ಬಂದು ಒಂದು ಫೋಟೋ ಎತ್ತಿಕೊಂಡರು. ಸಿರಿಲ್ ತೊಡೆಯ ಮೇಲೆ ಪುಟ್ಟ ಹೆಣ್ಣುಮಗು, ಎರಡೂ ಕೈಯಲ್ಲಿ ಡ್ರಮ್ ಕಡ್ಡಿ.

"ಅಂಕಲ್... ಇದು ನಾನು." ಫೋಟೋವನ್ನು ಎದೆಗೊತ್ತಿಕೊಂಡರು.

ಸಂಜೆ ಪ್ರಕಾಶಕರು ಫೋನ್ ಮಾಡಿದರು. "ಸರ್, ಮುಖಪುಟಕ್ಕೆ ಕಳಿಸಿದ್ದೀರಲ್ಲ, ಆ ಡ್ರಮ್ಸ್‌ನವರ ಫೋಟೋ ಅರ್ಧ ಹಾಳಾಗಿದೆಯಲ್ಲ?"

"ಹೌದಪ್ಪ, ಗೊತ್ತು. ಅದನ್ನೇ ಹಾಕಿ."

*

ದೀಪದ ಕೆಳಗಿದ್ದವರನ್ನು ನಾವು ನೋಡುತ್ತಲೇ ಇರುತ್ತೇವೆ... ನಮ್ಮನ್ನು ನೋಡಿ ನಕ್ಕವರು ಕತ್ತಲಲ್ಲೇ ಉಳಿದುಬಿಡುತ್ತಾರೆ.

ನಿಮ್ಮ ಡಬ್ಬಿಯಲ್ಲಿ ಹಾಗೆ ಉಳಿದುಹೋದವರು ಯಾರು?